ಮನೆಯ ಸ್ವಭಾವೋಕ್ತಿ

ನಾವು ಮೂವತ್ತಮೂರು ವರ್ಷಗಳ ಕಾಲ ಉಪಾಧ್ಯಾಯರಾಗಿದ್ದವರು. ಹೇಮಾವತೀ ತೀರದ ಒಂದು ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ಅರುವತ್ತು ತುಂಬಿದಾಗ ಹಾರತುರಾಯಿಗಳನ್ನು ಸ್ವೀಕರಿಸಿ, ಕೊಡೆಯನ್ನೂ ಕನ್ನಡಕದ ಪೆಟ್ಟಿಗೆಯನ್ನೂ ಎತ್ತಿಕೊಂಡು ಮನೆಗೆ ಬಂದೆವು. ಇದು ನಡೆದು ವರ್ಷದ ಮೇಲಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಿರಿಯ ಮಗನು ಆ ಸಂದರ್ಭದಲ್ಲಿ ಒಂದು ಹೊಸ ಮೊಬೈಲನ್ನು ತಂದುಕೊಟ್ಟು, "ಅಪ್ಪಾ, ಇದರಲ್ಲಿ ಒಳ್ಳೆಯ ಕ್ಯಾಮರಾ ಇದೆ. ಹೊತ್ತು ಹೋಗದಿದ್ದರೆ ಫೋಟೋ ತೆಗೆಯಿರಿ" ಎಂದನು. ನಿವೃತ್ತರಾದವರಿಗೆ ಹೊತ್ತು ಹೋಗುವುದಿಲ್ಲವೆಂಬುದು ಮಕ್ಕಳೆಲ್ಲರ ಸಿದ್ಧಾಂತ. ನಾವು ಅದನ್ನು ಖಂಡಿಸಲು ಹೋಗಲಿಲ್ಲ.

ಆ ವಿದ್ಯೆಯ ಗಂಧವೂ ನಮಗಿರಲಿಲ್ಲ. ಆದರೂ ಮನೆಯವರ ಚಿತ್ರಗಳನ್ನು ತೆಗೆದಿಡಬೇಕೆಂಬ ಆಶೆ ಹುಟ್ಟಿತು. ನಮ್ಮ ಮನೆಯಲ್ಲಿ ಇರುವವರು ಏಳು ಜನ: ಎಂಬತ್ತನಾಲ್ಕು ವಯಸ್ಸಿನ ನಮ್ಮ ತಾಯಿಯವರು, ನಾವು, ನಮ್ಮ ಗೃಹಿಣಿ, ಊರಿನಲ್ಲೇ ಔಷಧದ ಅಂಗಡಿಯನ್ನಿಟ್ಟಿರುವ ಕಿರಿಯ ಮಗ, ಸೊಸೆ, ಏಳು ವರ್ಷದ ಮೊಮ್ಮಗ, ಮೂರು ವರ್ಷದ ಮೊಮ್ಮಗಳು. ಮೊದಲನೆಯ ಭಾನುವಾರವೇ ಎಲ್ಲರನ್ನೂ ಜಗಲಿಗೆ ಕರೆದೆವು. ಕುರ್ಚಿಗಳನ್ನು ಹಾಕಿಸಿದೆವು. ಎತ್ತರಕ್ಕೆ ತಕ್ಕಂತೆ ನಿಲ್ಲಿಸಿದೆವು. "ನೆಟ್ಟಗೆ ನಿಲ್ಲಿ, ಕೈಗಳನ್ನು ಆಡಿಸಬೇಡಿ, ಎಲ್ಲರೂ ಇತ್ತ ನೋಡಿ, ಹಾಂ, ಈಗ ನಗಿ" ಎಂದು ಅಪ್ಪಣೆ ಕೊಟ್ಟೆವು. ಮಗನು ಅಂಗಡಿಗೆ ಹೊತ್ತಾಯಿತೆಂದು ಗಡಿಯಾರವನ್ನು ನೋಡಿದನು. ಸೊಸೆ ಒಲೆಯ ಮೇಲಿದ್ದ ಹಾಲನ್ನು ನೆನೆದಳು. ಮೊಮ್ಮಗನು ಕೈ ಕಟ್ಟಿಕೊಂಡು, ಮಗ್ಗಿ ಒಪ್ಪಿಸುವವನಂತೆ ನಿಂತನು. ಮೊಮ್ಮಗಳು ಅಳತೊಡಗಿದಳು. ನಮ್ಮ ತಾಯಿಯವರಂತೂ ಕರೆದರೂ ಒಳಗಿನಿಂದ ಬರಲಿಲ್ಲ.

ಹೀಗೆ ಒಂದು ತಿಂಗಳಲ್ಲಿ ಮುನ್ನೂರು ಚಿತ್ರಗಳಾದುವು. ಒಂದು ಸಂಜೆ ಅವುಗಳನ್ನೆಲ್ಲ ನಮ್ಮ ಗೃಹಿಣಿಗೆ ಹೆಮ್ಮೆಯಿಂದ ತೋರಿಸಿದೆವು. ಆಕೆ ಹೂ ಕಟ್ಟುತ್ತಲೇ ಒಂದೊಂದನ್ನಾಗಿ ನೋಡಿ, ಕೊನೆಗೆ ಹೇಳಿದಳು: "ಇವೆಲ್ಲ ನಿಮ್ಮ ಎದುರಿಗೆ ನಿಂತವರ ಚಿತ್ರಗಳು. ನಮ್ಮ ಮನೆಯವರು ಇದರಲ್ಲಿ ಎಲ್ಲಿದ್ದಾರೆ?"

ಈ ಮಾತು ನಮಗೆ ನಾಟಿತು. ನಾವು ಉತ್ತರ ಕೊಡದೆ ಎದ್ದು ಹೋಗಿ, ಹಳೆಯ ಟ್ರಂಕೊಂದನ್ನು ತೆರೆದೆವು. ಪ್ರತಿ ವರ್ಷವೂ ಹತ್ತನೆಯ ತರಗತಿಯವರನ್ನು ಬೀಳ್ಕೊಡುವಾಗ ತೆಗೆಸಿದ್ದ ಚಿತ್ರಗಳು ಅದರಲ್ಲಿದ್ದುವು. ಅವುಗಳನ್ನೆಲ್ಲ ನಡುಮನೆಯ ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕುಳಿತೆವು. ನೂರಾರು ಹುಡುಗರು, ಹುಡುಗಿಯರು. ಎಲ್ಲರದೂ ಒಂದೇ ಮುಖ! ತುಟಿ ಬಿಗಿ, ಭುಜ ಬಿಗಿ, ಕಣ್ಣಿನಲ್ಲಿ ಮೇಷ್ಟರು ಏನೆನ್ನುವರೋ ಎಂಬ ಶಂಕೆ. ಹಲವರ ಹೆಸರುಗಳು ನೆನಪಿಗೆ ಬಾರದೆ ಹೋದುವು. 1998ರ ಚಿತ್ರದಲ್ಲಿ ಮಾತ್ರ ಹಿಂದಿನ ಸಾಲಿನ ಒಬ್ಬ ಹುಡುಗನು ಪಕ್ಕದವನ ಕಡೆ ತಿರುಗಿ ಏನನ್ನೋ ಹೇಳಿ ನಗುತ್ತಿದ್ದಾನೆ. ತಲೆ ಅಲುಗಿದ್ದರಿಂದ ಮುಖವು ಸ್ವಲ್ಪ ಕದಡಿದೆ. ಆ ದಿನ ಅವನನ್ನು "ಎಲ್ಲರ ಚಿತ್ರವನ್ನೂ ಕೆಡಿಸಿದೆಯಲ್ಲೋ" ಎಂದು ನಾವು ಗದರಿದ್ದು ಚೆನ್ನಾಗಿ ನೆನಪಿದೆ. ಇಷ್ಟು ವರ್ಷಗಳ ಮೇಲೆ ನೋಡಿದರೆ, ಆ ಸಾಲಿನಲ್ಲೆಲ್ಲ ಧ್ವನಿಸಹಿತವಾಗಿ ನಮ್ಮ ನೆನಪಿಗೆ ಬಂದವನು ಅವನೊಬ್ಬನೆ. ಅವನು ಚಿತ್ರವನ್ನು ಕೆಡಿಸಿರಲಿಲ್ಲ. ಉಳಿದವರ ಮುಖಗಳನ್ನು ಕೆಡಿಸಿದವರು ನಾವು.

ಮೂವತ್ತಮೂರು ವರ್ಷ ಮಕ್ಕಳ ಮುಂದೆ ನಿಂತವರಿಗೆ ಇದು ಸಣ್ಣ ವಿಷಯವಲ್ಲ. ತರಗತಿಯೊಳಕ್ಕೆ ನಾವು ಕಾಲಿಟ್ಟೊಡನೆ ಎದ್ದು ನಿಲ್ಲುತ್ತಿದ್ದ ಮುಖಗಳನ್ನಷ್ಟೇ ನಾವು ಕಂಡವರು. ನಾವು ಬರುವುದಕ್ಕೆ ಒಂದು ನಿಮಿಷ ಮೊದಲು ಅಲ್ಲಿದ್ದ ಮುಖಗಳನ್ನು ಕಂಡವರಲ್ಲ. ಅವು ಇನ್ನು ನಮಗೆ ದೊರೆಯತಕ್ಕವಲ್ಲ. ಮನೆಯ ಮುಖಗಳಾದರೂ ಹಾಗೆ ಕೈಬಿಟ್ಟು ಹೋಗದಿರಲಿ ಎಂದು ಆ ರಾತ್ರಿ ಸಂಕಲ್ಪ ಮಾಡಿದೆವು.

ಚಿತ್ರಕ್ಕೆ ನಿಲ್ಲುವಾಗ ಮನುಷ್ಯನು ಹೀಗೇಕೆ ಕಲ್ಲಾಗುತ್ತಾನೆ? ಇದಕ್ಕೆ ಕಾರಣ ಹಳೆಯದು. ಫ್ರಾನ್ಸ್ ದೇಶದ ನೀಪ್ಸ್ ಎಂಬಾತನು 1826-27ರ ಸುಮಾರಿನಲ್ಲಿ ತನ್ನ ಕಿಟಕಿಯಿಂದ ಕಾಣುವ ದೃಶ್ಯವನ್ನು ಹಿಡಿದಾಗ ಯಂತ್ರವು ಗಂಟೆಗಟ್ಟಲೆ ಕಣ್ಣು ತೆರೆದಿರಬೇಕಾಯಿತು. 1839ರಲ್ಲಿ ಡಾಗೇರನ ವಿಧಾನವು ಪ್ರಕಟವಾದಾಗಲೂ ಒಂದು ಮುಖವನ್ನು ಹಿಡಿಯಲು ನಿಮಿಷಗಳು ಬೇಕಾಗುತ್ತಿದ್ದುವು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆಯನ್ನು ಕೊಡುತ್ತಿದ್ದರು. ಅಷ್ಟು ಹೊತ್ತು ಒಂದೇ ನಗೆಯನ್ನು ಯಾವನು ತಾನೆ ನಗಬಲ್ಲನು? ಆದಕಾರಣ ಗಂಭೀರವಾಗಿ ಕುಳಿತರು. ಯಂತ್ರದ ಕುಂದು ಮನುಷ್ಯನ ಮರ್ಯಾದೆಯಾಗಿ ಪರಿಣಮಿಸಿತು. ಬಳಿಕ 1888ರಲ್ಲಿ ಅಮೆರಿಕದ ಈಸ್ಟ್‌ಮನ್ನನು ಕೊಡಕ್ ಎಂಬ ಕೈಪೆಟ್ಟಿಗೆಯನ್ನು ತಂದನು. 1900ರಲ್ಲಿ ಒಂದೇ ಡಾಲರಿಗೆ ಬ್ರೌನಿ ಎಂಬುದು ಬಂದಿತು. ಈಗ ನಮ್ಮ ಜೇಬಿನಲ್ಲಿರುವ ಮೊಬೈಲು, ಬೆಳಕು ಚೆನ್ನಾಗಿದ್ದರೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಚಿತ್ರವನ್ನು ಹಿಡಿಯಬಲ್ಲುದು. ಯಂತ್ರವು ತನ್ನ ಕುಂದನ್ನು ಎಂದೋ ಕಳೆದುಕೊಂಡಿತು. ನಾವು ಮಾತ್ರ ಆ ಕಬ್ಬಿಣದ ಆಸರೆಯನ್ನು ಬಾಯಮಾತಿನಲ್ಲಿ ಉಳಿಸಿಕೊಂಡಿದ್ದೇವೆ. "ಅಲುಗಬೇಡಿ" ಎಂಬುದೇ ಆ ಕಬ್ಬಿಣ.

ನಾವು ಓದಿದ ಶಾಸ್ತ್ರದಲ್ಲಿ ಇದಕ್ಕೆ ಏನಾದರೂ ಪರಿಹಾರವುಂಟೇ ಎಂದು ಯೋಚಿಸಿದಾಗ ಸ್ವಭಾವೋಕ್ತಿಯ ನೆನಪಾಯಿತು. ಉಪಮೆ ರೂಪಕಗಳ ವೈಭವದ ನಡುವೆ ಈ ಅಲಂಕಾರವು ಬಡ ನೆಂಟನಂತೆ ಕಾಣುತ್ತದೆ. ಇದ್ದುದನ್ನು ಇದ್ದಂತೆ ಹೇಳುವುದು ಅಲಂಕಾರವಾದೀತೆ ಎಂದು ಕೇಳಿದವರೂ ಉಂಟು. ಆದರೆ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಇದನ್ನೇ ಮೊದಲನೆಯ ಅಲಂಕಾರವಾಗಿ ಹೇಳಿದನು. ಕಾವ್ಯಪ್ರಕಾಶದ ಮಮ್ಮಟನು, ಎಳೆಯ ಮಕ್ಕಳೇ ಮೊದಲಾದವರು ತಮ್ಮ ಪಾಡಿಗೆ ತಾವು ಮಾಡುವ ಕ್ರಿಯೆಯನ್ನೂ ಅವರ ರೂಪವನ್ನೂ ವರ್ಣಿಸುವುದು ಸ್ವಭಾವೋಕ್ತಿ ಎಂದು ಲಕ್ಷಣವನ್ನು ಹೇಳಿದನು. ಈ ಲಕ್ಷಣವನ್ನು ನಾವು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆವು. 'ತಮ್ಮ ಪಾಡಿಗೆ ತಾವು' ಎಂಬ ಮಾತಿನ ಅರ್ಥ ನಮಗೆ ಹೊಳೆದುದು ಮೊಬೈಲನ್ನು ಕೈಯಲ್ಲಿ ಹಿಡಿದ ಮೇಲೆ.

ಶಾಕುಂತಲದ ಆರನೆಯ ಅಂಕವನ್ನು ಬಲ್ಲ ವಾಚಕರಿಗೆ ಇನ್ನೊಂದು ವಿಷಯವೂ ನೆನಪಾದೀತು. ಪಶ್ಚಾತ್ತಾಪದಿಂದ ಬೆಂದ ದುಷ್ಯಂತನು ಶಕುಂತಳೆಯ ಚಿತ್ರವನ್ನು ತಾನೇ ಬರೆದಿದ್ದಾನೆ. ಮುಖವು ಸೊಗಸಾಗಿ ಬಂದಿದೆ. ಆದರೂ ಅವನಿಗೆ ತೃಪ್ತಿಯಿಲ್ಲ. ಮಾಲಿನೀ ನದಿ ಬೇಕು, ಮರಳಿನ ಮೇಲೆ ಹಂಸಗಳ ಜೋಡಿ ಬೇಕು, ಕೊಂಬೆಗಳಲ್ಲಿ ನಾರುಮಡಿಗಳನ್ನು ಹರವಿದ ಮರ ಬೇಕು, ಅದರ ಕೆಳಗೆ ಗಂಡು ಜಿಂಕೆಯ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆ ಬೇಕು. ಕಳೆದುಕೊಂಡವನಿಗೆ ಬೇಕಾದುದು ಬರಿಯ ಮುಖವಲ್ಲ; ಆ ಮುಖವಿದ್ದ ಆಶ್ರಮ, ಅಲ್ಲಿ ದಿನವೂ ನಡೆಯುತ್ತಿದ್ದ ಸಣ್ಣಪುಟ್ಟ ಸಂಗತಿಗಳು. ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೆ? ಒಗೆದ ಬಟ್ಟೆಗಳ ತಂತಿ, ಬಾಗಿಲ ಮೂಲೆಯ ಚಪ್ಪಲಿಗಳು, ಅರ್ಧ ಕುಡಿದಿಟ್ಟ ಕಾಫಿಯ ಲೋಟ ಇವುಗಳನ್ನು ಚಿತ್ರ ತೆಗೆಯುವ ಮೊದಲು ನಾವು ಅವಸರವಾಗಿ ಮರೆಮಾಡುತ್ತೇವೆ. ಮುಂದೊಂದು ದಿನ ನಮ್ಮ ಮಕ್ಕಳು ಹುಡುಕುವುದು ಅವುಗಳನ್ನೇ.

ಈ ದಾರಿಯನ್ನು ನಮಗಿಂತ ಮೊದಲೇ ಹಿಡಿದವರ ವಿಷಯವನ್ನು ಓದಿದಾಗ ನಮಗೆ ಧೈರ್ಯ ಬಂದಿತು. ಫ್ರಾನ್ಸಿನ ಲಾರ್ಟೀಗ್ ಎಂಬಾತನಿಗೆ 1902ರಲ್ಲಿ, ಎಂಟು ವರ್ಷದ ಬಾಲಕನಾಗಿದ್ದಾಗ, ತಂದೆಯಿಂದ ಕ್ಯಾಮರಾ ದೊರೆಯಿತಂತೆ. ಅವನು ಅಣ್ಣನ ಆಟಗಳನ್ನೂ ಮೆಟ್ಟಿಲಿನಿಂದ ಹಾರುವ ನೆಂಟರ ಹುಡುಗಿಯನ್ನೂ ಸಂತೋಷಕ್ಕಾಗಿ ತೆಗೆದಿಟ್ಟುಕೊಂಡನು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವು ಆ ಮನೆಯ ಚಿತ್ರಗಳನ್ನು ಪ್ರದರ್ಶಿಸಿದಾಗ ಅವನಿಗೆ ಅರುವತ್ತೊಂಬತ್ತು ವಯಸ್ಸು. ನಮ್ಮ ದೇಶದ ಉಮ್ರಾವ್ ಸಿಂಗ್ ಶೇರ್‌ಗಿಲ್ಲರು (1870-1954) ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ಲರ ತಂದೆ. ಸಂಸ್ಕೃತ, ಪಾರಸಿ ಭಾಷೆಗಳ ಪಂಡಿತರು. ಅವರು ದಶಕಗಟ್ಟಲೆ ತಮ್ಮನ್ನೂ ತಮ್ಮ ಪತ್ನಿ, ಇಬ್ಬರು ಹೆಣ್ಣುಮಕ್ಕಳನ್ನೂ ಮನೆಯೊಳಗೇ ಚಿತ್ರಿಸಿದರು. ಸಂಸ್ಕೃತ ಓದಿದವರಿಗೆ ಈ ಯಂತ್ರ ಒಗ್ಗದೆಂದು ಇನ್ನು ಯಾರೂ ನಮಗೆ ಹೇಳುವಂತಿಲ್ಲ! ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ನರು (1923-2009) ಪತ್ರಿಕೆಗಳಿಗಾಗಿ ದೇಶವನ್ನೆಲ್ಲ ಸುತ್ತಿದವರಾದರೂ ಅವರಿಗೆ ಹೆಸರು ತಂದುದು ಸಾಮಾನ್ಯ ಜನರ, ವಿಶೇಷವಾಗಿ ಮಕ್ಕಳ, ದಿನದಿನದ ಬಾಳಿನ ಚಿತ್ರಗಳು.

ಇನ್ನು ನಾವು ಕಲಿತುದನ್ನು ಹೇಳುವೆವು. ನಾವು ಇನ್ನೂ ಅಕ್ಷರಾಭ್ಯಾಸದಲ್ಲಿರುವವರು. ಆದುದರಿಂದ ನಮ್ಮಂತೆಯೇ ಹೊಸಬರಾದವರಿಗೆ ಮಾತ್ರ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯದು ಬೆಳಕು. ಆರಂಭದಲ್ಲಿ ನಾವು ರಾತ್ರಿ ಅಡುಗೆಮನೆಯಲ್ಲಿ ಫ್ಲಾಶನ್ನು ಮಿಂಚಿಸಿ ತೆಗೆದೆವು. ಮುಖಗಳು ಸುಣ್ಣ ಬಳಿದಂತೆ ಬಂದುವು, ಹಿಂದೆಲ್ಲ ಕತ್ತಲೆ. ಒಂದು ಸಲ ಮಿಂಚಿದೊಡನೆ ಮನೆಯವರೆಲ್ಲ ಕಳ್ಳನನ್ನು ಕಂಡವರಂತೆ ನಮ್ಮ ಕಡೆಗೆ ತಿರುಗಿದರು. ಅಂದಿನಿಂದ ಅದನ್ನು ಆರಿಸಿಬಿಟ್ಟೆವು. ನಮ್ಮದು ಹಳೆಯ ತೊಟ್ಟಿಯ ಮನೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ತೊಟ್ಟಿಯಿಂದ ಇಳಿದು ಗೋಡೆಗೆ ತಾಕಿ ಒಳಗೆ ಹರಡುವ ಬೆಳಕು ಹಾಲಿನಂತಿರುವುದು. ಅಂಥ ಮನೆ ಇಲ್ಲದವರಿಗೆ ಕಿಟಕಿಯೊಂದು ಸಾಕು. ಕಿಟಕಿಯು ಕೂತವರ ಪಕ್ಕದಲ್ಲಿರಬೇಕು. ಅದು ಅವರ ಬೆನ್ನ ಹಿಂದಿದ್ದರೆ ಮುಖವೆಲ್ಲ ಕಪ್ಪಾಗುವುದು. ಬೆಳಕು ಕಡಮೆಯಾದಷ್ಟೂ ಯಂತ್ರವು ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಆದಕಾರಣ ಮಬ್ಬಿನಲ್ಲಿ ಓಡಾಡುವ ಮಗುವಿನ ಚಿತ್ರ ಕದಡುವುದು. ಆಡುವ ಮಕ್ಕಳಿಗೆ ಅಂಗಳ, ಕುಳಿತು ಕೆಲಸ ಮಾಡುವವರಿಗೆ ಕಿಟಕಿ ಎಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಮೊಬೈಲಿನ ಕಣ್ಣಿಗೆ ಜೇಬಿನ ಧೂಳೂ ಬೆರಳಿನ ಜಿಡ್ಡೂ ಮೆತ್ತಿಕೊಳ್ಳುವುದರಿಂದ ಪಂಚೆಯ ತುದಿಯಿಂದಾದರೂ ಅದನ್ನು ಒರಸತಕ್ಕದ್ದು. ಮೊದಲ ತಿಂಗಳ ನಮ್ಮ ಚಿತ್ರಗಳಲ್ಲಿ ಕವಿದಿದ್ದ ಮಂಜು ಹೇಮಾವತಿಯದಲ್ಲ, ನಮ್ಮ ಬೆರಳಿನದು.

ಎರಡನೆಯದು ಎತ್ತರ. ನಾವು ನಿಂತು ತೆಗೆದಾಗ ಮೊಮ್ಮಗಳು ಬರಿಯ ನೆತ್ತಿಯೂ ಎರಡು ಭಯದ ಕಣ್ಣುಗಳೂ ಆಗಿ ಕಂಡಳು. ಮಂಡಿ ನೋವನ್ನು ಸಹಿಸಿಕೊಂಡು ಒಂದು ದಿನ ಮಣೆಯ ಮೇಲೆ ಕುಳಿತೆವು. ಅವಳ ಲೋಕವು ನಮಗೆ ತೆರೆಯಿತು. ಹೊಸಲಿನ ರಂಗೋಲೆಯ ಮೇಲೆ ಇರುವೆಯೊಂದು ಹಾದಿ ತಪ್ಪಿ ಅಲೆಯುತ್ತಿತ್ತು. ಅವಳು ಅದಕ್ಕೆ ಬೆರಳಿನಿಂದ ದಾರಿ ಮಾಡಿಕೊಡುತ್ತಿದ್ದಳು. ಈ ವ್ಯವಹಾರವು ದಿನವೂ ನಡೆಯುತ್ತಿತ್ತೆಂದು ಸೊಸೆ ಹೇಳಿದಳು. ಅದೇ ಹೊಸಲನ್ನು ದಾಟಿ ನಾವು ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದೆವು.

ಮೂರನೆಯದು ಮೌನ. ಹೆಸರು ಹಿಡಿದು ಕರೆಯಬಾರದು, ನಗಿರೆಂದು ಹೇಳಬಾರದು. ಮೊಬೈಲಿನ 'ಕ್ಲಿಕ್' ಎಂಬ ಸದ್ದನ್ನು ನಮ್ಮ ಮೊಮ್ಮಗನು ನಿಲ್ಲಿಸಿಕೊಟ್ಟನು. ಮೊದಮೊದಲು ನಾವು ಅದನ್ನು ಎತ್ತಿದೊಡನೆ ಎಲ್ಲರೂ ಸೆರಗು ಕೂದಲುಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ನಾವು ತೆಗೆಯದೆ ಸುಮ್ಮನೆ ಪಕ್ಕದಲ್ಲಿ ಕುಳಿತೆವು. ಅವರೊಡನೆ ಕಾಯಿ ಹೆಚ್ಚಿದೆವು, ಹೂ ಬಿಡಿಸಿದೆವು. ಹತ್ತು ಹದಿನೈದು ದಿನಗಳಲ್ಲಿ ನಮ್ಮ ಕೈಯ ಮೊಬೈಲು ಮನೆಯ ಬೆಕ್ಕಿನಂತಾಯಿತು. ಅದರ ಕಡೆ ಯಾರೂ ತಿರುಗಿ ನೋಡದಾದರು. ಮೊಳಕೈಗಳನ್ನು ಪಕ್ಕೆಗಳಿಗೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ. ದೂರದಿಂದ ಬೆರಳಿನಿಂದ ಹಿಗ್ಗಿಸಿ ನೋಡುವುದಕ್ಕಿಂತ ಎರಡು ಹೆಜ್ಜೆ ಹತ್ತಿರ ಹೋಗುವುದು ಮೇಲು. ಒಂದು ಕೆಲಸ ನಡೆಯುತ್ತಿರುವಾಗ ಮುಖವೊಂದನ್ನೇ ನೋಡದೆ ಕೈಗಳನ್ನೂ ನೋಡಬೇಕು. ರೊಟ್ಟಿ ತಟ್ಟುವ ಸೊಸೆಯ ಬಳೆಗಳು ಮೊಳಕೈಯವರೆಗೆ ಸರಿಯುವುದನ್ನೂ, ಮಾತ್ರೆ ಎಣಿಸುವ ಅಭ್ಯಾಸದಿಂದ ಮಗನು ಊಟದಲ್ಲಿಯೂ ಕಡಲೆಬೀಜಗಳನ್ನು ಎರಡೆರಡಾಗಿ ಸರಿಸುವುದನ್ನೂ ನಾವು ಕಂಡದ್ದು ಹೀಗೆ.

ನಾಲ್ಕನೆಯದನ್ನು ಹೇಳಲು ನಮ್ಮ ತಾಯಿಯವರ ಕಥೆಯನ್ನು ಹೇಳಬೇಕಾಗಿದೆ.

ನಮ್ಮ ತಂದೆಯವರು ಅಡುಗೆಯ ವೃತ್ತಿಯವರು. ಮದುವೆ ಮುಂಜಿಗಳಲ್ಲಿ ದೊಡ್ಡ ಅಡುಗೆಗಳನ್ನು ಮಾಡುತ್ತಿದ್ದರು. ಮೈಮೇಲೆ ಒಂದು ಪಂಚೆ, ಹೆಗಲ ಮೇಲೊಂದು ವಸ್ತ್ರ, ಇಷ್ಟೇ. 1979ರಲ್ಲಿ, ನಮಗೆ ಹದಿನೈದು ವರ್ಷವಾಗಿದ್ದಾಗ, ತೀರಿಕೊಂಡರು. ಅವರದೊಂದು ಚಿತ್ರವೂ ಇರಲಿಲ್ಲ. ಯಾವುದೋ ಮದುವೆಯ ಗುಂಪಿನ ಚಿತ್ರದ ಅಂಚಿನಲ್ಲಿ ಅವರ ಮುಖವು ಕಡಲೆಯಷ್ಟು ಗಾತ್ರದಲ್ಲಿ ಸಿಕ್ಕಿತು. ನಮ್ಮ ಸೋದರಮಾವನವರು ಅದನ್ನು ಒಂದು ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಅಲ್ಲಿನವರು ಮಸುಕಾದ ಹುಬ್ಬು, ತುಟಿಗಳನ್ನು ಕುಂಚದಿಂದ ತಿದ್ದಿ, ಬರಿಮೈ ಚೆನ್ನಾಗಿರದೆಂದು ಒಂದು ಕಪ್ಪು ಕೋಟನ್ನೂ ಬರೆದುಕೊಟ್ಟರು. ಆ ಕೋಟು ತೊಟ್ಟ ತಂದೆಯವರು ಇಂದಿಗೂ ನಡುಮನೆಯ ಗೋಡೆಯ ಮೇಲಿದ್ದಾರೆ. ನಮ್ಮ ತಾಯಿಯವರು ದಿನವೂ ಗಾಜನ್ನು ಒರಸಿ ಹೂವಿಡುತ್ತಾರೆ.

ತಾಯಿಯವರು ತಮ್ಮ ಚಿತ್ರವನ್ನು ತೆಗೆಯಗೊಡುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಮೆಯಾಗುವುದೆಂಬ ಹಿಂದಿನ ಕಾಲದವರ ನಂಬಿಕೆಯಿರಬೇಕೆಂದು ನಾವು ಭಾವಿಸಿದ್ದೆವು. ಒಂದು ದಿನ ಒತ್ತಾಯ ಮಾಡಿದಾಗ ಹೇಳಿದರು: "ಬೇಡ ಕಣೋ ಮಗು. ಅವರದು ಒಂದು ಮಾಡಿಸಿದಿರಲ್ಲ, ಸಾಲದೆ? ಮೊದಮೊದಲು ಕಣ್ಣು ಮುಚ್ಚಿದರೆ ಅವರು ಬರುತ್ತಿದ್ದರು. ದಿನಾ ಇದನ್ನು ಒರಸೀ ಒರಸೀ, ಈಗ ಕಣ್ಣು ಮುಚ್ಚಿದರೂ ಆ ಕೋಟಿನವರೇ ಬರುತ್ತಾರೆ."

ನಾವು ನಾಲಗೆ ಸತ್ತವರಂತೆ ನಿಂತೆವು. ನಲವತ್ತೈದು ವರ್ಷಗಳ ಮೇಲೆ ಅವರು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನೆನಪಿಗಾಗಿ ಮಾಡಿಸಿದ ಚಿತ್ರವು ನೆನಪನ್ನೇ ಅಳಿಸಿ ತಾನು ಅದರ ಸ್ಥಾನದಲ್ಲಿ ಕುಳಿತಿತ್ತು. ಅಂದಿನಿಂದ ಅವರ ಮುಂದೆ ನಾವು ಮೊಬೈಲನ್ನು ಎತ್ತಲಿಲ್ಲ. ಸಹಜವಾದ ಚಿತ್ರವೆಂದರೆ ಕದ್ದು ತೆಗೆದ ಚಿತ್ರವಲ್ಲ. ಬೇಡವೆಂದವರ ಮಾತನ್ನು ನಡೆಸಿಕೊಡುವುದು, ತೆಗೆದುದನ್ನು ಅವರಿಗೆ ತೋರಿಸುವುದು, ಅವರು ಅಳಿಸೆಂದರೆ ಅಳಿಸುವುದು, ಕೇಳದೆ ವಾಟ್ಸಪ್ಪಿನಲ್ಲಿ ನೆಂಟರಿಗೆಲ್ಲ ಹಂಚದಿರುವುದು ಇವು ಮನೆಯವರ ವಿಷಯದಲ್ಲಿಯೂ ಪಾಲಿಸತಕ್ಕ ಧರ್ಮ. ನಮ್ಮ ನಾಲ್ಕನೆಯ ನಿಯಮವಿದು.

ಹೋದ ಮಾರ್ಗಶಿರದಲ್ಲಿ ಅವರೆಕಾಯಿಯ ಸುಗ್ಗಿ. ಭಾನುವಾರ ಬೆಳಿಗ್ಗೆ ತೊಟ್ಟಿಯ ಪಕ್ಕದಲ್ಲಿ ಎಲ್ಲರೂ ಸೊಗಡಿನ ಕಾಯಿಯ ರಾಶಿಯನ್ನು ಸುತ್ತಿ ಕುಳಿತು ಸುಲಿಯುತ್ತಿದ್ದೆವು. ಮೊಬೈಲನ್ನು ಕಟ್ಟೆಯ ಮೇಲಿಟ್ಟಿದ್ದೆವು. ಹಿದುಕಿದ ಬೇಳೆಯ ಸಾರಿನ ಮಾತು ಬಂದಿತು. "ಉಪ್ಪು ಸರಿಯಾಗಿದೆಯೇ ಇಲ್ಲವೇ ಎಂಬುದು ರುಚಿ ನೋಡದೆ ಹೇಗೆ ತಿಳಿಯುತ್ತದೆ?" ಎಂದು ಸೊಸೆ ಕೇಳಿದಳು. ತಾಯಿಯವರು, "ನಿಮ್ಮ ಮಾವನವರ ಅಪ್ಪನಿಗೆ ತಿಳಿಯುತ್ತಿತ್ತಮ್ಮ. ದೇವರಿಗೆ ನೈವೇದ್ಯವಾಗುವ ಮೊದಲು ನಾಲಗೆಗೆ ಹಾಕುವ ಹಾಗಿಲ್ಲವಲ್ಲ. ಸೌಟು ಎತ್ತಿ, ಹಬೆಯನ್ನು ಹೀಗೆ ಅಂಗೈಯಿಂದ ಮೂಗಿನ ಕಡೆ ಎಳೆದುಕೊಂಡು, ಒಂದು ಕಣ್ಣು ಮುಚ್ಚಿ, 'ಇನ್ನೊಂದು ಹಿಡಿ' ಎನ್ನುತ್ತಿದ್ದರು. ತಪ್ಪಿದ್ದೇ ಇಲ್ಲ" ಎಂದು ಹೇಳುತ್ತ, ತಾವೇ ಒಂದು ಕಣ್ಣನ್ನು ಮುಚ್ಚಿ, ಇಲ್ಲದ ಹಬೆಯನ್ನು ಅಂಗೈಯಿಂದ ಸೆಳೆದು ತೋರಿಸಿ ನಕ್ಕುಬಿಟ್ಟರು. ಅವರು ಹಾಗೆ ನಕ್ಕುದನ್ನು ನಾವು ಕಂಡು ಬಹುಕಾಲವಾಗಿತ್ತು. ನಮ್ಮ ಕೈ ಮೊಬೈಲಿನ ಕಡೆ ಹೋಗಲಿಲ್ಲ. ನಾವು ನೋಡುತ್ತ ಕುಳಿತೆವು.

ರಾತ್ರಿ ಮಲಗುವ ಮುನ್ನ ನೋಡುವಾಗ ಮೊಬೈಲಿನಲ್ಲಿ ಆ ಚಿತ್ರವಿತ್ತು! ಮೊಮ್ಮಗನು ನಮ್ಮನ್ನು ನೋಡಿ ಕಲಿತು, ಕಾಯಿಯ ರಾಶಿಯ ಹಿಂದಿನಿಂದ ತೆಗೆದಿದ್ದನು. ಒಂದು ಮೂಲೆಯನ್ನು ಅವನ ಬೆರಳು ಮರೆಮಾಡಿತ್ತು. ಚಿತ್ರವು ಓರೆಯಾಗಿತ್ತು. ತೊಟ್ಟಿಯ ಬೆಳಕು ಪಕ್ಕದಿಂದ ಬಿದ್ದು ತಾಯಿಯವರ ಸುಕ್ಕುಗಟ್ಟಿದ ಅಂಗೈಯೂ ಮುಚ್ಚಿದ ಒಂದು ಕಣ್ಣೂ ಅರಳಿದ ಬಾಯಿಯೂ ಸ್ಪಷ್ಟವಾಗಿ ಕಾಣುತ್ತಿದ್ದುವು. ನಮಗೆ ಸಂತೋಷವೂ ಭಯವೂ ಒಟ್ಟಿಗೆ ಆದುವು. ಹೇಳದೆ ಇಟ್ಟುಕೊಳ್ಳುವುದು ದ್ರೋಹ. ಅಳಿಸಲು ಮನಸ್ಸು ಬಾರದು. ಬೆಳಿಗ್ಗೆ ಅವರ ಬಳಿಗೆ ಹೋಗಿ ತೋರಿಸಿ, "ಹುಡುಗ ತಿಳಿಯದೆ ತೆಗೆದಿದ್ದಾನೆ ಅಮ್ಮ, ಅಳಿಸಿಬಿಡಲೇ?" ಎಂದು ಕೇಳಿದೆವು.

ಅವರು ಕನ್ನಡಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ಮುದುಕಿಯಾಗಿದ್ದೇನೆ" ಎಂದರು. ಆಮೇಲೆ ತಮ್ಮ ಮುಖವನ್ನು ಬಿಟ್ಟು ಅಂಗೈಯ ಮೇಲೆ ಬೆರಳಿಟ್ಟು, "ಇದು ಅವರದೇ ಕೈ ಕಣೋ. ಹೀಗೇ ಮಾಡುತ್ತಿದ್ದರು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಇರಲಿ. ಗೋಡೆಗೆ ಮಾತ್ರ ಹಾಕಬೇಡ" ಎಂದರು. ಕಣ್ಣು ಮುಚ್ಚಿದರೆ ಈಗ ಯಾರು ಬರುತ್ತಾರೆಂದು ನಾವು ಕೇಳಲಿಲ್ಲ. ಕೇಳತಕ್ಕ ಮಾತೂ ಅಲ್ಲ.

ಹಾಸನಕ್ಕೆ ಹೋಗಿದ್ದಾಗ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದೆವು. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮೊಬೈಲಿನಲ್ಲಿ ಸಾವಿರಾರು ಚಿತ್ರಗಳನ್ನು ತುಂಬಿಟ್ಟುಕೊಂಡವರು ಅದು ನೀರಿಗೆ ಬಿದ್ದ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಪ್ರತಿಗಳನ್ನು ಇನ್ನೊಂದು ಕಡೆಯಲ್ಲಿ ಉಳಿಸಿಕೊಂಡಿರಬೇಕು. ತಿಂಗಳಿಗೆ ನಾಲ್ಕೈದನ್ನಾದರೂ ಆರಿಸಿ ಕಾಗದಕ್ಕೆ ಇಳಿಸಿ, ಬೆನ್ನ ಮೇಲೆ ಸೀಸದ ಕಡ್ಡಿಯಿಂದ ಹಗುರವಾಗಿ ಹೆಸರು, ದಿನ, ಸಂದರ್ಭಗಳನ್ನು ಬರೆದಿಡಬೇಕು. ಟ್ರಂಕಿನ ಚಿತ್ರಗಳಿಗೆ ನಾವು ಹಾಗೆ ಮಾಡಿದ್ದರೆ ಅಷ್ಟು ಜನ ಶಿಷ್ಯರ ಹೆಸರುಗಳನ್ನು ಮರೆಯುವ ಅವಮಾನ ನಮಗೆ ಒದಗುತ್ತಿರಲಿಲ್ಲ. ತಾಯಿಯವರ ಚಿತ್ರದ ಬೆನ್ನ ಮೇಲೆ, 'ಅವರೆಕಾಯಿ ಸುಲಿಯುವಾಗ. ಅಪ್ಪನವರು ಉಪ್ಪು ನೋಡುತ್ತಿದ್ದ ರೀತಿ' ಎಂದು ಬರೆದೆವು. ತಾಯಿಯವರು ಅದನ್ನು ಜಪಸರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಕೋಟು ತೊಟ್ಟ ತಂದೆಯವರಿಗೆ ಎಂದಿನಂತೆ ಹೂವು ಸಲ್ಲುತ್ತಿದೆ.

ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮರು ಲಕ್ಷ್ಮಣನೊಡನೆ ತಮ್ಮದೇ ಬಾಳಿನ ಚಿತ್ರಗಳನ್ನು ನೋಡುತ್ತ ಹೋಗುತ್ತಾರೆ. ಕಳೆದುಹೋದುದು ಮತ್ತೆ ಕಣ್ಣೆದುರು ನಡೆದಂತಾಗಿ ಅವರ ಹೃದಯ ಕರಗುತ್ತದೆ. ಆ ಭಾಗ್ಯವು ಹಿಂದೆ ಅರಮನೆಗಳಿಗೆ ಮಾತ್ರ ಇದ್ದಿತು. ಈಗ ಅದು ಅಡುಗೆಮನೆಯ ಬಾಗಿಲಿಗೂ ಬಂದಿದೆ. ಬಂದ ಭಾಗ್ಯವನ್ನು "ನೆಟ್ಟಗೆ ನಿಲ್ಲಿ" ಎಂದು ಗದರಿ ಓಡಿಸದಿದ್ದರೆ ಸಾಕು.

ಕೊನೆಗೊಂದು ಮಾತು. ಆ ಭಾನುವಾರ ಮೊಮ್ಮಗನು ತೆಗೆದ ಚಿತ್ರ ಅದೊಂದೇ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಎದೆಯ ಮೇಲೆ ಪತ್ರಿಕೆಯನ್ನು ಹರಡಿಕೊಂಡು, ಬಾಯಿ ತೆರೆದು ನಿದ್ರಿಸುತ್ತಿರುವ ಒಬ್ಬ ಮಹನೀಯರ ಚಿತ್ರವೂ ಸಿಕ್ಕಿತು. ಅದನ್ನು ಅಳಿಸಬೇಕೆಂದು ನಾವು ಆಶಿಸಿದೆವು. ನಮ್ಮ ಗೃಹಿಣಿ ಅದನ್ನು ನೋಡಿ, "ಇದೊಂದರಲ್ಲಿ ನೀವು ನೀವಾಗಿಯೇ ಇದ್ದೀರಿ" ಎಂದಳು. ನಮ್ಮ ನಿಯಮಗಳನ್ನು ನಾವೇ ಮುರಿಯುವುದೆಂತು? ನಾಲ್ಕನೆಯ ನಿಯಮವನ್ನು ನಮ್ಮ ಪರವಾಗಿ ಹಿಡಿದು ವಾದಿಸಿದೆವು. ಕುರ್ಚಿಯವರಿಗೆ ಆ ನಿಯಮ ಸಲ್ಲದೆಂದು ಮನೆಯ ಸಭೆಯು ತೀರ್ಮಾನಿಸಿತು. ಚಿತ್ರವು ಹಾಗೆಯೇ ಉಳಿದಿದೆ.